ಮಕ್ಕಳ ಕರುಳಿನ ಆರೋಗ್ಯಕ್ಕೆ ಪ್ರೊಬಯಾಟಿಕ್ ಹಾಗೂ ಗಿಡಮೂಲಿಕೆ ಪೂರಕಗಳು: ವರ್ತಕರೂ ತಯಾರಕರೂ ಅರಿತಿರಬೇಕಾದ ವಿಜ್ಞಾನ, ಕಾನೂನು ಮತ್ತು ಲೆಕ್ಕ

ಪೀಠಿಕೆ

ಮಕ್ಕಳ ಹೊಟ್ಟೆನೋವು, ಅಜೀರ್ಣ, ಭೇದಿ, ಮಲಬದ್ಧತೆಗಳಿಗೆಂದು ಮಾರಾಟವಾಗುವ ಹನಿಗಳು, ಪುಡಿಯ ಪೊಟ್ಟಣಗಳು ಹಾಗೂ ಸಿರಪ್‌ಗಳ ವ್ಯಾಪಾರವು ಇಂದು ಔಷಧ ಅಂಗಡಿಗಳಿಗೆ ಸೀಮಿತವಾಗಿ ಉಳಿದಿಲ್ಲ. ಕಿರಾಣಿ ಅಂಗಡಿ, ಸೂಪರ್ ಮಾರ್ಕೆಟ್ ಹಾಗೂ ಗ್ರಂಥಿಗೆ ಅಂಗಡಿಗಳಲ್ಲಿಯೂ ಇವು ದೊರೆಯುತ್ತಿವೆ. ನಮ್ಮ ಸದಸ್ಯರ ಪೈಕಿ ಕೆಲವರು ಇವುಗಳ ವಿತರಣೆಯನ್ನು ಕೈಗೊಂಡಿದ್ದಾರೆ. ಕೆಲವು ಸಣ್ಣ ಉದ್ದಿಮೆದಾರರು ಸ್ವಂತ ಹೆಸರಿನಲ್ಲಿ ತಯಾರಿಕೆಯನ್ನೂ ಆರಂಭಿಸಲು ಉತ್ಸುಕರಾಗಿದ್ದಾರೆ. ಲೆಕ್ಕಪರಿಶೋಧಕನಾದ ನನಗೂ ಕರುಳಿನ ಆರೋಗ್ಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅದಕ್ಕೆ ಉತ್ತರವಾಗಿ ಒಂದು ಪ್ರಸಂಗವನ್ನು ಮೊದಲಿಗೆ ನಿವೇದಿಸುತ್ತೇನೆ.

2024ರ ಮಾರ್ಚ್ 31ರ ದಾಸ್ತಾನು ತಪಾಸಣೆಗೆಂದು ಉತ್ತರ ಕರ್ನಾಟಕದ ಒಂದು ಊರಿನ ವಿತರಕರ ಗೋದಾಮಿಗೆ ಹೋಗಿದ್ದೆ. ತಗಡಿನ ಮಾಡು, ಮಧ್ಯಾಹ್ನದ ಬಿಸಿಲು. ಬಿಸ್ಕತ್ತಿನ ಪೆಟ್ಟಿಗೆಗಳ ಪಕ್ಕದಲ್ಲಿ ಮಕ್ಕಳ ಪ್ರೊಬಯಾಟಿಕ್ ಹನಿಗಳ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು. ಪೆಟ್ಟಿಗೆಯ ಮೇಲೆ "2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ" ಎಂದು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಶೀತಲ ಪೆಟ್ಟಿಗೆ ಕೆಟ್ಟು ಮೂರು ವಾರಗಳಾಗಿದ್ದವು. ಖರೀದಿ ಬೆಲೆಯಲ್ಲಿ ಆ ದಾಸ್ತಾನಿನ ಮೌಲ್ಯ ರೂ. 84,000. ಅವಧಿ ಮುಗಿಯಲು ಇನ್ನೂ ಏಳು ತಿಂಗಳಿದ್ದವು. ನಾನು ಪ್ರಶ್ನಿಸಿದಾಗ ಮಾಲೀಕರು, "ಸೀಲ್ ಹಂಗ ಐತಲ್ರಿ ಸಾಹೇಬ್ರ, ಡೇಟೂ ಐತಿ, ಏನಾಗೂದಿಲ್ಲ ಬಿಡ್ರಿ" ಎಂದರು. ಬಳಿಕ ತುಸು ತಡೆದು, "ಮನ್ಯಾಗ ಮೊಮ್ಮಗನಿಗೂ ಇದನ್ನ ಕೊಡಾಕತ್ತೀವ್ರಿ" ಎಂದೂ ಸೇರಿಸಿದರು.

ಆ ದಾಸ್ತಾನನ್ನು ಯಾವ ಬೆಲೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ವೃತ್ತಿಯ ಪ್ರಶ್ನೆ. ಆದರೆ ಆ ಬಾಟಲಿಯೊಳಗೆ ಏನಿದೆ, ಅದು ಆಹಾರವೋ ಔಷಧವೋ, ಕೆಟ್ಟರೆ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ನನ್ನ ಪ್ರಶ್ನೆಗೂ ಉತ್ತರ ದೊರೆಯದು. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸೋಣ.

1. ಪ್ರೊಬಯಾಟಿಕ್ ಎಂದರೇನು?

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ತಜ್ಞರ ಸಮಾಲೋಚನಾ ಸಭೆಯು ಅರ್ಜೆಂಟೀನಾದ ಕಾರ್ಡೋಬಾದಲ್ಲಿ ಜರುಗಿತು. ಅಲ್ಲಿ ರೂಪುಗೊಂಡ ವ್ಯಾಖ್ಯೆಯ ಸಾರಾಂಶವಿಷ್ಟು: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್‌ಗಳು. ಈ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಜೀವಂತಿಕೆ, ಎರಡನೆಯದು ಪ್ರಮಾಣ, ಮೂರನೆಯದು ರುಜುವಾತಾದ ಪ್ರಯೋಜನ. ಮೂರರಲ್ಲಿ ಒಂದು ತಪ್ಪಿದರೂ ಆ ಸರಕು ಪ್ರೊಬಯಾಟಿಕ್ ಎನಿಸಿಕೊಳ್ಳಲಾರದು. ಸರಕಿನ ಸಜೀವತೆಯೇ ಅದರ ಗುಣಮಟ್ಟವಾಗಿರುವುದರಿಂದ, ಸೀಲ್ ಒಡೆಯದಿದ್ದರೂ ದಿನಾಂಕ ಮೀರದಿದ್ದರೂ ಬಿಸಿಲಿನಲ್ಲಿ ಸರಕು ಸತ್ತುಹೋಗಿರಬಹುದು. ಇತರ ಯಾವ ಕಿರಾಣಿ ಸಾಮಗ್ರಿಗೂ ಈ ಮಾತು ಇಷ್ಟು ಕಟ್ಟುನಿಟ್ಟಾಗಿ ಅನ್ವಯಿಸದು.

ಜೀವಿಗಳ ಗಣನೆಗೆ ಬಳಸುವ ಮಾನ ಸಿ.ಎಫ್.ಯು. ಅರ್ಥಾತ್, ಪ್ರಯೋಗಶಾಲೆಯ ತಟ್ಟೆಯಲ್ಲಿ ಒಂದೊಂದು ವಸಾಹತಾಗಿ ಬೆಳೆಯಬಲ್ಲ ಜೀವಿಗಳ ಸಂಖ್ಯೆ. ಭಾರತದ ನಿಯಮಗಳಲ್ಲಿ ಸಾಮಾನ್ಯವಾಗಿ ದಿನದ ಸೇವನೆಯ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಸಿ.ಎಫ್.ಯು. ಇರಬೇಕೆಂದು ನಿಗದಿಪಡಿಸಲಾಗಿದೆ, ಅದಕ್ಕಿಂತ ಕಡಿಮೆ ಪ್ರಮಾಣವನ್ನು ಬಳಸಬೇಕಾದರೆ ಅಧ್ಯಯನಗಳ ಆಧಾರವಿರಬೇಕು.

ಎಲ್ಲ ಪ್ರೊಬಯಾಟಿಕ್‌ಗಳೂ ಸಮಾನವಲ್ಲ. ಲ್ಯಾಕ್ಟೋಬ್ಯಾಸಿಲಸ್ ವರ್ಗದವು ಶಾಖ ಮತ್ತು ತೇವಾಂಶಗಳಿಗೆ ಬೇಗ ನಲುಗುತ್ತವೆ. ಬ್ಯಾಸಿಲಸ್ ಕ್ಲಾಸಿಯಂತಹವು ಬೀಜಾಣು ರೂಪದಲ್ಲಿರುವುದರಿಂದ ಸಾಧಾರಣ ಉಷ್ಣತೆಯನ್ನು ತಾಳಿಕೊಳ್ಳುತ್ತವೆ. ಸ್ಯಾಕರೋಮೈಸಿಸ್ ಬೌಲಾರ್ಡಿಯು ಬ್ಯಾಕ್ಟೀರಿಯವಲ್ಲ, ಯೀಸ್ಟ್. ಆದ್ದರಿಂದ ಬ್ಯಾಕ್ಟೀರಿಯಾ ನಾಶಕ ಆ್ಯಂಟಿಬಯಾಟಿಕ್‌ಗಳಿಂದ ಅದು ಸಾಯದು. ಹೀಗಾಗಿ "ಪ್ರೊಬಯಾಟಿಕ್" ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಒಂದೇ ಕಪಾಟಿನಲ್ಲಿಡುವುದು ತಪ್ಪು. ಪ್ರತಿಯೊಂದರ ಚೀಟಿಯನ್ನೂ ಓದಿ ಸಂಗ್ರಹ ವ್ಯವಸ್ಥೆ ಮಾಡಬೇಕು.

ಮನೆಯ ಮೊಸರು ಪ್ರೊಬಯಾಟಿಕ್ ಅಲ್ಲವೇ ಎಂಬುದು ಹಲವರ ಪ್ರಶ್ನೆ. ಮೊಸರಿನಲ್ಲಿ ಜೀವಂತ ಸೂಕ್ಷ್ಮಜೀವಿಗಳಿರುವುದು ನಿಜ, ಅದು ಉತ್ತಮ ಆಹಾರವೆಂಬುದೂ ನಿಜ. ಆದರೆ ಯಾವ ತಳಿ, ಎಷ್ಟು ಸಂಖ್ಯೆ ಎಂಬುದು ಹೆಪ್ಪಿನಿಂದ ಹೆಪ್ಪಿಗೆ ಬದಲಾಗುವುದರಿಂದ ಕಾನೂನಿನ ಅರ್ಥದಲ್ಲಿ ಅದನ್ನು ಪ್ರೊಬಯಾಟಿಕ್ ಎಂದು ಮಾರಲಾಗದು.

2. ವೈದ್ಯವಿಜ್ಞಾನದ ಸಾಕ್ಷ್ಯಗಳು

ಮಾರುವವನಿಗೆ ತನ್ನ ಸರಕಿನ ನಿಜವಾದ ಸಾಮರ್ಥ್ಯ ತಿಳಿದಿರಬೇಕು. ಗ್ರಾಹಕರಿಗೆ ಹೇಳಬಹುದಾದುದು ಯಾವುದು, ಹೇಳಬಾರದುದು ಯಾವುದು ಎಂಬ ವಿವೇಕ ಅದರಿಂದಲೇ ಬರುತ್ತದೆ.

(ಅ) ಆ್ಯಂಟಿಬಯಾಟಿಕ್ ಸೇವನೆಯಿಂದ ಉಂಟಾಗುವ ಭೇದಿ: ಇಲ್ಲಿ ಸಾಕ್ಷ್ಯವು ಸಮಾಧಾನಕರವಾಗಿದೆ. 2019ರ ಕಾಕ್ರೇನ್ ವಿಮರ್ಶೆಯು 33 ಪ್ರಯೋಗಗಳ 6,352 ಮಕ್ಕಳ ವಿವರಗಳನ್ನು ಕ್ರೋಡೀಕರಿಸಿತು. ಪ್ರೊಬಯಾಟಿಕ್ ಪಡೆದವರಲ್ಲಿ ಶೇ. 8ರಷ್ಟು, ಪಡೆಯದವರಲ್ಲಿ ಶೇ. 19ರಷ್ಟು ಮಕ್ಕಳಿಗೆ ಭೇದಿ ಉಂಟಾಯಿತು.

(ಆ) ಸೋಂಕಿನಿಂದ ಬರುವ ತೀವ್ರ ವಾಂತಿಭೇದಿ: ಇಲ್ಲಿ ಹಿಂದಿನ ಭರವಸೆ ಕುಗ್ಗಿದೆ. 2018ರಲ್ಲಿ ಅಮೆರಿಕ ಹಾಗೂ ಕೆನಡಾಗಳಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳ ವರದಿಗಳು ಪ್ರಕಟವಾದವು. ಒಂದರಲ್ಲಿ 971, ಮತ್ತೊಂದರಲ್ಲಿ 886 ಮಕ್ಕಳಿದ್ದರು. ಪ್ರೊಬಯಾಟಿಕ್ ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಭೇದಿಗೆ ಇಂದಿಗೂ ಪ್ರಥಮ ಚಿಕಿತ್ಸೆಯೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಮತ್ತು ಜಿಂಕ್. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಮಗುವಿಗೆ 10 ಮಿಲಿಗ್ರಾಂ ಜಿಂಕ್ ಅನ್ನು 10ರಿಂದ 14 ದಿನ ನೀಡುವುದು ಶಿಫಾರಸು. ಪ್ರೊಬಯಾಟಿಕ್ ಪೊಟ್ಟಣವನ್ನು ಕೊಟ್ಟು ಓಆರ್‌ಎಸ್ ಕೊಡದೆ ಕಳುಹಿಸಿದ ಅಂಗಡಿಕಾರನು ಮಗುವಿಗೆ ಉಪಕಾರ ಮಾಡಿದಂತಾಗಲಿಲ್ಲ.

(ಇ) ಹಸುಗೂಸಿನ ಹೊಟ್ಟೆನುಲಿತ: ಲ್ಯಾಕ್ಟೋಬ್ಯಾಸಿಲಸ್ ರೂಟೆರಿಯ ಒಂದು ನಿರ್ದಿಷ್ಟ ತಳಿಯ ಬಗ್ಗೆ 2018ರಲ್ಲಿ ನಾಲ್ಕು ಪ್ರಯೋಗಗಳ 345 ಶಿಶುಗಳ ವಿವರಗಳನ್ನು ಒಗ್ಗೂಡಿಸಿ ಪರಿಶೀಲಿಸಲಾಯಿತು. ಎದೆಹಾಲು ಕುಡಿಯುವ ಶಿಶುಗಳಲ್ಲಿ ಅಳುವಿನ ಅವಧಿ ತಗ್ಗಿತು. ಡಬ್ಬಿ ಹಾಲಿನ ಶಿಶುಗಳ ಬಗ್ಗೆ ನಿರ್ಣಯಕ್ಕೆ ಬರುವಷ್ಟು ಆಧಾರ ದೊರೆಯಲಿಲ್ಲ.

(ಈ) ನವಜಾತ ಶಿಶುಗಳು: ನಮ್ಮ ದೇಶದ ಒಡಿಶಾದ ಗ್ರಾಮಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನವು 2017ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್‌ನ ಒಂದು ತಳಿಯನ್ನು ಅದಕ್ಕೆ ಪೋಷಕವಾದ ಸಕ್ಕರೆಯಂಶದೊಡನೆ ಏಳು ದಿನ ನೀಡಿದಾಗ ನಂಜು ಅಥವಾ ಮರಣದ ಪ್ರಮಾಣವು ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಆದರೆ ಆ ಶಿಶುಗಳು ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದವಾಗಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಅವಧಿಗೆ ಮೊದಲು ಹುಟ್ಟಿದ ದುರ್ಬಲ ಶಿಶುಗಳಿಗೆ ಪ್ರೊಬಯಾಟಿಕ್ ನೀಡುವುದರಿಂದ ರಕ್ತದ ಸೋಂಕು ಉಂಟಾಗುವ ಅಪಾಯವಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ವೈದ್ಯರನ್ನು ಎಚ್ಚರಿಸಿತು. ಒಂದು ತಳಿಯ ಯಶಸ್ಸನ್ನು ಮತ್ತೊಂದು ತಳಿಯ ಡಬ್ಬಿಯ ಮೇಲೆ ಮುದ್ರಿಸುವುದು ಈ ಕಾರಣದಿಂದಲೇ ಅಕ್ಷಮ್ಯ.

3. ಗಿಡಮೂಲಿಕೆಗಳು: ಪರಂಪರೆ ಮತ್ತು ಎಚ್ಚರಿಕೆ

ಓಮ, ಸೋಂಪು, ಸಬ್ಬಸಿಗೆ, ಶುಂಠಿ, ಅಳಲೆಕಾಯಿ, ಜಾಯಿಕಾಯಿ, ಬಜೆ: ಇವು ನಮ್ಮ ಅಜ್ಜಿಯರ ಕೈಮದ್ದುಗಳು. ಬಾಣಂತಿ ಮನೆಯಲ್ಲಿ ಬಜೆಯನ್ನು ತೇಯ್ದು ಮಗುವಿನ ನಾಲಿಗೆಗೆ ಸವರುವ ರೂಢಿ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಪರಂಪರೆಗೆ ಗೌರವ ಸಲ್ಲಬೇಕು. ಆದರೆ ಮನೆಯಲ್ಲಿ ಒಂದು ಸುತ್ತು ತೇಯ್ದು ಸವರುವುದಕ್ಕೂ, ಸತ್ವವನ್ನು ಸಾಂದ್ರೀಕರಿಸಿ ಸಾವಿರಾರು ಬಾಟಲಿಗಳಲ್ಲಿ ತುಂಬಿ ಮಾರುವುದಕ್ಕೂ ಅಂತರವಿದೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶವು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗೆಡ್ಡೆಗಳಿಗೆ ಕಾರಣವಾದುದರಿಂದ ಅಮೆರಿಕವು 1968ರಲ್ಲಿಯೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ರಫ್ತಿನ ಆಲೋಚನೆಯುಳ್ಳವರು ಇದನ್ನು ಗಮನಿಸತಕ್ಕದ್ದು.

ಮಕ್ಕಳ ಹೊಟ್ಟೆನುಲಿತಕ್ಕೆ ಪ್ರಸಿದ್ಧವಾದ ಗ್ರೈಪ್ ವಾಟರ್‌ನ ಚರಿತ್ರೆಯು ಈ ವ್ಯಾಪಾರದ ಪಾಠವೇ ಆಗಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿಯು 1851ರಲ್ಲಿ ಇದನ್ನು ರೂಪಿಸಿದನು. ಸಬ್ಬಸಿಗೆ ಎಣ್ಣೆ, ಅಡಿಗೆ ಸೋಡಾ, ಸಕ್ಕರೆಗಳೊಡನೆ ಮದ್ಯಸಾರವೂ ಅದರಲ್ಲಿತ್ತು. ಶಿಶುವು ಶಾಂತವಾಗುತ್ತಿದ್ದುದು ಸಬ್ಬಸಿಗೆಯಿಂದಲೋ ಮದ್ಯಸಾರದಿಂದಲೋ ಎಂಬ ಸಂಶಯ ಮುಂದೆ ಎದ್ದಿತು. ಇಂಗ್ಲೆಂಡಿನಲ್ಲಿ 1992ರಲ್ಲಿ ಮದ್ಯಸಾರವನ್ನು ಕೈಬಿಡಲಾಯಿತು. ನೂರಾನಲವತ್ತು ವರ್ಷ ನಡೆದುಬಂದ ಸರಕೂ ಮರುಪರೀಕ್ಷೆಗೆ ಹೊರತಲ್ಲವೆಂಬುದು ಇಲ್ಲಿನ ನೀತಿ. ನಮ್ಮ ಅರವಿಂದಾಸವದಂತಹ ಶಾಸ್ತ್ರೀಯ ಆಸವಗಳಲ್ಲಿಯೂ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ಅವನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಇನ್ನೂ ಎರಡು ಎಚ್ಚರಿಕೆಗಳು ಅವಶ್ಯ. ಒಂದು, ಜೇನುತುಪ್ಪದ ಅನುಪಾನ. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪ ನೀಡಿದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ಉಂಟಾಗಬಹುದು. ಎರಡು, ಆರು ತಿಂಗಳು ತುಂಬುವವರೆಗೆ ಶಿಶುವಿಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಓಆರ್‌ಎಸ್ ಹಾಗೂ ಜೀವಸತ್ವ, ಖನಿಜಾಂಶ ಅಥವಾ ಔಷಧಿಗಳ ಹನಿ, ಸಿರಪ್‌ಗಳಿಗೆ ಮಾತ್ರ ವಿನಾಯಿತಿ. "ಹುಟ್ಟಿದ ದಿನದಿಂದಲೇ ಕೊಡಬಹುದು" ಎಂದು ಅಂಗಡಿಯವನು ತಾನಾಗಿ ಹೇಳುವುದು ಸರಿಯಲ್ಲ.

4. ಒಂದೇ ಬಾಟಲಿ, ಬೇರೆ ಬೇರೆ ಕಾನೂನು

ಕಪಾಟಿನಲ್ಲಿ ಒಂದೇ ರೀತಿ ಕಾಣುವ ಬಾಟಲಿಗಳು ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ ಜಾತಿಯವು.

ಮೊದಲನೆಯದು ಅಲೋಪಥಿ ಔಷಧವಾಗಿ ಪರವಾನಗಿ ಪಡೆದ ಪ್ರೊಬಯಾಟಿಕ್. ಇದನ್ನು ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಮಾರಾಟ ಪರವಾನಗಿ ಅಗತ್ಯ.

ಎರಡನೆಯದು ಆಯುರ್ವೇದ ಔಷಧ. ಇದರ ತಯಾರಿಕೆಗೆ ಅದೇ ಕಾಯ್ದೆಯಡಿ ಪ್ರತ್ಯೇಕ ಪರವಾನಗಿಯೂ, ಷೆಡ್ಯೂಲ್ 'ಟಿ'ಯಲ್ಲಿ ಹೇಳಿದ ಉತ್ತಮ ತಯಾರಿಕಾ ಪದ್ಧತಿಯ ಪಾಲನೆಯೂ ಬೇಕು. ಕಾಯ್ದೆಯ ಪ್ರಥಮ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳ ಸೂತ್ರದಂತೆಯೇ ತಯಾರಿಸಿದರೆ ಅದು ಶಾಸ್ತ್ರೀಯ ಔಷಧ. ಆ ಗ್ರಂಥಗಳ ದ್ರವ್ಯಗಳನ್ನೇ ಬಳಸಿ ಸ್ವಂತ ಸೂತ್ರ ರಚಿಸಿದರೆ ಅದು ಪೇಟೆಂಟ್ ಅಥವಾ ಪ್ರೊಪ್ರೈಟರಿ ಔಷಧ. ಇದಕ್ಕೆ 158-ಬಿ ನಿಯಮದ ಪ್ರಕಾರ ಪುರಾವೆಗಳನ್ನು ಸಲ್ಲಿಸಬೇಕು. ಆಯುರ್ವೇದ ಔಷಧಗಳ ಚಿಲ್ಲರೆ ಮಾರಾಟಕ್ಕೆ ಆ ಕಾಯ್ದೆಯಡಿ ಮಾರಾಟ ಪರವಾನಗಿ ಬೇಕಿಲ್ಲವೆಂಬುದನ್ನು ವರ್ತಕರು ಗಮನಿಸಬಹುದು.

ಮೂರನೆಯದು ಆಹಾರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 22ನೆಯ ಕಲಮಿನಡಿ ಆರೋಗ್ಯ ಪೂರಕಗಳು, ನ್ಯೂಟ್ರಾಸ್ಯುಟಿಕಲ್‌ಗಳು, ಪ್ರೊಬಯಾಟಿಕ್ ಆಹಾರಗಳು ಬರುತ್ತವೆ. ಇವಕ್ಕೆ 2016ರಲ್ಲಿ ವಿನಿಯಮಗಳು ರಚಿತವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. 2022ರಲ್ಲಿ ಪರಿಷ್ಕೃತ ವಿನಿಯಮಗಳು ಹೊರಬಂದವು. ಈ ವರ್ಗದ ಸರಕು ಯಾವುದೇ ರೋಗವನ್ನು ಗುಣಪಡಿಸುತ್ತದೆಂದು ಹೇಳಿಕೊಳ್ಳುವಂತಿಲ್ಲ. ಚೀಟಿಯ ಮೇಲೆ "ಔಷಧೀಯ ಬಳಕೆಗಾಗಿ ಅಲ್ಲ" ಎಂಬ ಘೋಷಣೆ ಇರಬೇಕು. ಪ್ರೊಬಯಾಟಿಕ್ ಆಗಿದ್ದಲ್ಲಿ ಜೀವಿಯ ತಳಿಸಹಿತ ಹೆಸರು, ಅವಧಿಯ ಅಂತ್ಯದಲ್ಲಿ ಉಳಿಯುವ ಜೀವಂತ ಸಂಖ್ಯೆ ಹಾಗೂ ಸಂಗ್ರಹದ ಉಷ್ಣತೆಗಳನ್ನು ನಮೂದಿಸಬೇಕು.

ವಯಸ್ಸಿನ ವಿಷಯ ಅತ್ಯಂತ ಮುಖ್ಯ. 2016ರ ವಿನಿಯಮಗಳು ಆರೋಗ್ಯ ಪೂರಕಗಳನ್ನು ಐದು ವರ್ಷ ಮೀರಿದವರ ಆಹಾರಕ್ಕೆ ಪೂರಕವೆಂದೇ ವಿವರಿಸಿದ್ದವು. ಎರಡು ವರ್ಷದೊಳಗಿನ ಶಿಶುಗಳ ಆಹಾರಕ್ಕೆ 2020ರ ಶಿಶು ಪೋಷಣಾ ಆಹಾರ ವಿನಿಯಮಗಳು ಪ್ರತ್ಯೇಕವಾಗಿವೆ. ಶಿಶು ಆಹಾರದ ಜಾಹೀರಾತನ್ನು 1992ರ ಶಿಶು ಹಾಲು ಬದಲಿ ಕಾಯ್ದೆ ನಿಷೇಧಿಸಿದೆ. 2022ರ ಆಯುರ್ವೇದ ಆಹಾರ ವಿನಿಯಮಗಳೂ 24 ತಿಂಗಳವರೆಗಿನ ಶಿಶುಗಳನ್ನು ಹೊರಗಿಟ್ಟಿವೆ. ಆಹಾರ ಪರವಾನಗಿಯ ಪೂರಕದ ಡಬ್ಬಿಯ ಮೇಲೆ ತೊಟ್ಟಿಲ ಮಗುವಿನ ಚಿತ್ರ ಮುದ್ರಿಸುವ ಮುನ್ನ ತಯಾರಕರು ಹತ್ತು ಬಾರಿ ಯೋಚಿಸಬೇಕು.

5. ಜಿಎಸ್‌ಟಿ: ಅಂದು ಮತ್ತು ಇಂದು

2025ರ ಸೆಪ್ಟೆಂಬರ್ 21ರವರೆಗೆ 2106ನೆಯ ಶೀರ್ಷಿಕೆಯ ಆಹಾರ ಪೂರಕಗಳ ಮೇಲೆ ಶೇ. 18, 3004ನೆಯ ಶೀರ್ಷಿಕೆಯ ಆಯುರ್ವೇದ ಔಷಧಗಳ ಮೇಲೆ ಶೇ. 12 ತೆರಿಗೆಯಿತ್ತು. ಶೇ. 6ರ ಅಂತರಕ್ಕಾಗಿ ಆಹಾರವನ್ನು ಔಷಧವೆಂದು ಕರೆಯುವ ಆಸೆ ಸಹಜವಾಗಿತ್ತು. ಇಂತಹ ವಿವಾದಗಳು ಹೊಸವಲ್ಲ. ಆಯುರ್ವೇದ ಪರವಾನಗಿಯಿದ್ದ ದಂತಮಂಜನವೊಂದು ಔಷಧವೋ ಪ್ರಸಾಧನವೋ ಎಂಬ ಅಬಕಾರಿ ಸುಂಕದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಸರಕನ್ನು ಬಳಸುವವರು ಹಾಗೂ ಮಾರುವವರು ಅದನ್ನು ಏನೆಂದು ತಿಳಿಯುತ್ತಾರೆ ಎಂಬ ಒರೆಗಲ್ಲನ್ನೇ ಮುಖ್ಯವೆಂದು ಎತ್ತಿಹಿಡಿಯಿತು. ಪರವಾನಗಿಯ ಕಾಗದವೊಂದೇ ವರ್ಗೀಕರಣವನ್ನು ನಿರ್ಣಯಿಸದು.

2025ರ ಸೆಪ್ಟೆಂಬರ್ 22ರಿಂದ ಎರಡೂ ವರ್ಗಗಳಿಗೆ ಶೇ. 5ರ ದರ ಜಾರಿಗೆ ಬಂದಿತು. ಪ್ರಲೋಭನೆ ಅಳಿಯಿತಾದರೂ ಎರಡು ತೊಡಕುಗಳು ಉಳಿದಿವೆ. ಒಂದು, ಹಳೆಯ ವರ್ಷಗಳ ವರ್ಗೀಕರಣದ ನೋಟಿಸುಗಳು ಈಗಲೂ ಬರಬಹುದು. ಆ ಕಾಲದ ಕಡತಗಳನ್ನು ಕಾಪಾಡಿಕೊಳ್ಳಬೇಕು. ಎರಡು, ತಯಾರಕರು ಪ್ಲಾಸ್ಟಿಕ್ ಬಾಟಲಿಗೆ ಶೇ. 18 ತೆತ್ತು ಶೇ. 5ಕ್ಕೆ ಮಾರುವುದರಿಂದ ಹೂಡುವಳಿ ತೆರಿಗೆ ಜಮೆಯು ಪುಸ್ತಕದಲ್ಲಿ ಶೇಖರವಾಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೆಯ ಕಲಮಿನಡಿ ಇದರ ಮರುಪಾವತಿ ಕೋರಬಹುದು. ಆದರೆ ಅದು ಸರಕುಗಳ ಮೇಲಿನ ತೆರಿಗೆಗೆ ಮಾತ್ರ. ಪ್ರಯೋಗಶಾಲೆಯ ಶುಲ್ಕ, ಸಾಗಣೆ, ಜಾಹೀರಾತು ಮುಂತಾದ ಸೇವೆಗಳ ಮೇಲಿನ ತೆರಿಗೆಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಸ್ಪಷ್ಟಪಡಿಸಿತು. ಬೆಲೆ ನಿಗದಿಪಡಿಸುವಾಗ ಈ ಅಂಶವನ್ನು ವೆಚ್ಚದಲ್ಲಿ ಸೇರಿಸಿಕೊಳ್ಳುವುದು ಜಾಣತನ.

6. ಕೆಟ್ಟ ದಾಸ್ತಾನಿನ ಲೆಕ್ಕ

ಈಗ ಪೀಠಿಕೆಯ ಪ್ರಸಂಗಕ್ಕೆ ಮರಳೋಣ. ದಾಸ್ತಾನನ್ನು ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕ ಹಿಡಿಯಬೇಕೆಂಬುದು ಲೆಕ್ಕಪತ್ರ ಮಾನಕ 2ರ ಸೂತ್ರ. ಕಾನೂನುಬದ್ಧವಾಗಿ ಮಾರಲಾಗದ ಸರಕಿನ ಬೆಲೆ ಸೊನ್ನೆ. ಆದ್ದರಿಂದ ಲೆಕ್ಕ ಹೀಗಾಯಿತು:

ವಜಾ ಮಾಡಿದ ದಾಸ್ತಾನು: ರೂ. 84,000
ಶೇ. 18ರಂತೆ ಹಿಂದಿರುಗಿಸಬೇಕಾದ ತೆರಿಗೆ ಜಮೆ: ರೂ. 15,120
ಒಟ್ಟು ನಷ್ಟ: ರೂ. 99,120

ನಾಶವಾದ, ವಜಾ ಮಾಡಿದ ಅಥವಾ ಉಚಿತ ಮಾದರಿಯಾಗಿ ಹಂಚಿದ ಸರಕಿನ ಮೇಲೆ ಪಡೆದ ತೆರಿಗೆ ಜಮೆಯನ್ನು 17(5)(ಎಚ್) ಕಲಮಿನ ಮೇರೆಗೆ ಹಿಂದಿರುಗಿಸಬೇಕು. ಇದು ಬಹಳ ವರ್ತಕರು ಮರೆಯುವ ಅಂಶ. ಖರೀದಿಯ ಕಾಲದಲ್ಲಿ ಯಾವ ದರದಲ್ಲಿ ಜಮೆ ಪಡೆದಿದ್ದರೋ ಅಷ್ಟನ್ನೇ ಹಿಂದಿರುಗಿಸಬೇಕೇ ಹೊರತು ಇಂದಿನ ಶೇ. 5ರ ದರದಲ್ಲಿ ಅಲ್ಲ.

ವಿತರಕರಿಗೆ ಮಾರಾಟದ ಮೇಲೆ ಶೇ. 8ರ ಲಾಭಾಂಶವಿದೆಯೆಂದು ಭಾವಿಸೋಣ. ರೂ. 99,120ರ ನಷ್ಟ ತುಂಬಿಕೊಳ್ಳಲು ಅವರು ರೂ. 12,39,000 ಮೌಲ್ಯದ ಹೊಸ ಮಾರಾಟ ಮಾಡಬೇಕು. ಅದೂ ಇತರ ಯಾವ ಖರ್ಚೂ ಇಲ್ಲವೆಂದು ಎಣಿಸಿದಾಗ. ಶೀತಲ ಪೆಟ್ಟಿಗೆಯ ದುರಸ್ತಿಗೆ ಮೆಕ್ಯಾನಿಕ್ ಕೇಳಿದ್ದುದು ರೂ. 6,500.

ಅವಧಿ ಮುಗಿದ ಸರಕನ್ನು ತಯಾರಕರಿಗೆ ಹಿಂದಿರುಗಿಸುವ ವಿಧಾನವನ್ನು 2018ರ ಅಕ್ಟೋಬರ್‌ನ ಜಿಎಸ್‌ಟಿ ಸುತ್ತೋಲೆಯೊಂದು ವಿವರಿಸಿದೆ. ಇನ್‌ವಾಯ್ಸ್ ಹಾಕಿ ಹೊಸ ಪೂರೈಕೆಯಂತೆ ಕಳುಹಿಸಬಹುದು. ಇಲ್ಲವೇ ತಯಾರಕರಿಂದ ಕ್ರೆಡಿಟ್ ನೋಟ್ ಪಡೆಯಬಹುದು. ಆದರೆ ವಿತರಕನ ಸಂಗ್ರಹದೋಷದಿಂದ ಕೆಟ್ಟ ಸರಕನ್ನು ಹಿಂಪಡೆಯಲು ತಯಾರಕರು ಒಪ್ಪುವುದು ಅಪರೂಪ. ಒಪ್ಪಂದದಲ್ಲಿ ಈ ಷರತ್ತು ಏನಿದೆಯೆಂದು ಸಹಿ ಮಾಡುವ ಮುನ್ನ ಓದಬೇಕು.

7. ಹೊಣೆ ಯಾರದು?

"ತಯಾರಿಸಿದವರು ಅವರು, ನಾವು ಬರೀ ಮಾರುವವರು" ಎಂಬ ಸಮಜಾಯಿಷಿ ಈಗ ನಡೆಯದು. ಆಹಾರ ಸುರಕ್ಷತೆ ಕಾಯ್ದೆಯ 27ನೆಯ ಕಲಮು ತಯಾರಕ, ಸಗಟು ವ್ಯಾಪಾರಿ, ವಿತರಕ, ಚಿಲ್ಲರೆ ಮಾರಾಟಗಾರರ ಹೊಣೆಗಳನ್ನು ವಿಂಗಡಿಸಿದೆ. ಅವಧಿ ಮೀರಿದ ಸರಕನ್ನು ಪೂರೈಸಿದರೆ, ತಯಾರಕರ ಸುರಕ್ಷತಾ ಸೂಚನೆಗಳಿಗೆ ವಿರುದ್ಧವಾಗಿ ಸಂಗ್ರಹಿಸಿದರೆ, ಅಥವಾ ಸರಕು ಯಾರಿಂದ ಬಂದಿತೆಂದು ತೋರಿಸಲಾಗದಿದ್ದರೆ ವಿತರಕನೇ ಹೊಣೆಗಾರ. 2ರಿಂದ 8 ಡಿಗ್ರಿ ಎಂಬ ಒಂದು ಸಾಲು ಈ ಕಲಮಿನ ಬೆಳಕಿನಲ್ಲಿ ಕೇವಲ ಸಲಹೆಯಾಗಿ ಉಳಿಯುವುದಿಲ್ಲ.

ಇದಕ್ಕೆ ರಕ್ಷಣೆಯೂ ಕಾನೂನಿನಲ್ಲಿದೆ. 26ನೆಯ ಕಲಮಿನ ಪ್ರಕಾರ ಪೂರೈಕೆದಾರನು ಸರಕಿನ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ಕೊಡಬೇಕು. ಬಿಲ್ ಅಥವಾ ಇನ್‌ವಾಯ್ಸ್ ಅನ್ನೇ ಖಾತರಿಯೆಂದು ಪರಿಗಣಿಸಲಾಗುತ್ತದೆ. ಸಕಲ ಮುನ್ನೆಚ್ಚರಿಕೆ ವಹಿಸಿದ್ದೇನೆಂದು ರುಜುವಾತುಪಡಿಸಿದವನಿಗೆ 80ನೆಯ ಕಲಮಿನಲ್ಲಿ ಪ್ರತಿವಾದಕ್ಕೆ ಅವಕಾಶವಿದೆ. ಆದರೆ ಬಿಲ್ಲಿಲ್ಲದೆ ಕೊಂಡವನಿಗೆ, ಉಷ್ಣತೆಯ ದಾಖಲೆ ಇಡದವನಿಗೆ ಈ ರಕ್ಷಣೆಗಳು ದಕ್ಕುವುದಿಲ್ಲ. ಪುಸ್ತಕ ಬರೆಯುವುದು ತೆರಿಗೆ ಅಧಿಕಾರಿಗಾಗಿ ಮಾತ್ರವಲ್ಲವೆಂದು ನಾನು ಸದಾ ಹೇಳುವುದು ಇದಕ್ಕಾಗಿಯೇ.

8. ಜಾಹೀರಾತು ಮತ್ತು ಹೆಸರು

ದಾರಿತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತೆ ಕಾಯ್ದೆಯ 53ನೆಯ ಕಲಮಿನಡಿ ರೂ. 10 ಲಕ್ಷದವರೆಗೆ ದಂಡವನ್ನು ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನಡಿಯೂ ಮೊದಲ ಬಾರಿಗೆ ರೂ. 10 ಲಕ್ಷ, ಮರುಕಳಿಸಿದರೆ ರೂ. 50 ಲಕ್ಷದವರೆಗೆ ದಂಡವುಂಟು. 2022ರ ಜೂನ್‌ನ ಮಾರ್ಗಸೂಚಿಗಳು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳಿಗೆ ವಿಶೇಷ ನಿರ್ಬಂಧ ಹಾಕಿವೆ.

ಹೆಸರಿನಿಂದಲೂ ದಾರಿ ತಪ್ಪಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಹೆಸರಿನಲ್ಲಿ "ಓಆರ್‌ಎಸ್" ಎಂಬ ಪದವನ್ನು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅದಕ್ಕೆ ಮೊದಲು ನೀಡಿದ್ದ ಅನುಮತಿಗಳನ್ನು ಹಿಂಪಡೆಯಿತು. ಸಕ್ಕರೆ ಹೆಚ್ಚಿರುವ ಪಾನೀಯವನ್ನು ಭೇದಿಯಾದ ಮಗುವಿಗೆ ಓಆರ್‌ಎಸ್ ಎಂದು ತಿಳಿದು ಕುಡಿಸಿದರೆ ಭೇದಿ ಉಲ್ಬಣಿಸಬಹುದು. ಮಾರುಕಟ್ಟೆಯಲ್ಲಿ ಬೇರೂರಿದ್ದ ಹೆಸರುಗಳೂ ಒಂದೇ ಆದೇಶದಿಂದ ಬದಲಾಗಬೇಕಾಯಿತು. ಚೀಟಿ, ಪೆಟ್ಟಿಗೆ, ದಾಸ್ತಾನುಗಳ ಮೇಲೆ ಹಣ ಹೂಡುವ ಸಣ್ಣ ತಯಾರಕರಿಗೆ ಇದು ದೊಡ್ಡ ಪಾಠ.

9. ತಯಾರಿಕೆ ಆರಂಭಿಸುವವರಿಗೆ

ಪ್ರೊಬಯಾಟಿಕ್ ತಯಾರಿಕೆಯಲ್ಲಿ ಅವಧಿಯ ಅಂತ್ಯದವರೆಗೆ ಘೋಷಿತ ಸಂಖ್ಯೆ ಉಳಿಯಬೇಕು. ಸಂಗ್ರಹದ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜೀವಿಗಳು ಸಾಯುವುವೆಂದು ಪರೀಕ್ಷೆಯಿಂದ ತಿಳಿದುಬಂದರೆ, 10 ಕೋಟಿಯ ಭರವಸೆಗೆ 100 ಕೋಟಿ ತುಂಬಬೇಕು. ವೆಚ್ಚಪತ್ರದಲ್ಲಿ ಹತ್ತುಪಟ್ಟು ಜೀವಾಣು ಪುಡಿಯ ಬೆಲೆ ಬರೆಯಬೇಕು. ಇದನ್ನು ಲೆಕ್ಕಿಸದೆ ಬೆಲೆ ಕಟ್ಟಿದವರು ಕೊನೆಗೆ ಗುಣಮಟ್ಟದಲ್ಲಿ ಕಡಿತ ಮಾಡುತ್ತಾರೆ.

ಗಿಡಮೂಲಿಕೆಗಳಲ್ಲಿ ಭಾರಲೋಹಗಳ ಪರೀಕ್ಷೆ ಅನಿವಾರ್ಯ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಸರಕುಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು ಪ್ರಕಟವಾದ ನಂತರ, 2006ರ ಜನವರಿಯಿಂದ ನಮ್ಮ ಸರ್ಕಾರವು ರಫ್ತಿನ ಗಿಡಮೂಲಿಕೆ ಔಷಧಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಬೆಳೆಯುವ ಮಗುವಿನ ಮಿದುಳಿಗೆ ಸೀಸವು ಅತ್ಯಂತ ಹಾನಿಕರ.

ಸಿರಪ್ ತಯಾರಕರು ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳ ಪ್ರತಿಯೊಂದು ಪೀಪಾಯಿಯನ್ನೂ ಡೈಎಥಿಲೀನ್ ಗ್ಲೈಕಾಲ್ ಕಲಬೆರಕೆಗಾಗಿ ಪರೀಕ್ಷಿಸಲೇಬೇಕು. 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲುಷಿತ ಸಿರಪ್‌ಗಳಿಗೆ ಸಂಬಂಧಿಸಿದಂತೆ ಮಕ್ಕಳು ಪ್ರಾಣ ಕಳೆದುಕೊಂಡರು. ಅವು ಗಿಡಮೂಲಿಕೆ ಸರಕುಗಳಲ್ಲವಾದರೂ ದ್ರಾವಕಗಳು ಬರುವುದು ಒಂದೇ ಪೇಟೆಯಿಂದ.

10. ನೆನಪಿಡಬೇಕಾದ ಅಂಶಗಳು

1. ಸರಕು ಕೊಳ್ಳುವ ಮೊದಲು ಅದು ಔಷಧವೋ, ಆಯುರ್ವೇದ ಔಷಧವೋ, ಆಹಾರವೋ ಎಂಬುದನ್ನು ಪರವಾನಗಿ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ.
2. ಚೀಟಿಯಲ್ಲಿ ತಳಿ, ಸಂಖ್ಯೆ, ವಯೋಮಿತಿ, ಉಷ್ಣತೆಗಳನ್ನು ನೋಡಿ. ಇವಿಲ್ಲದ ಪ್ರೊಬಯಾಟಿಕ್ ಪೂರಕವನ್ನು ಕೊಳ್ಳಬೇಡಿ.
3. ಶೀತಲ ಪೆಟ್ಟಿಗೆಯಲ್ಲಿ ಉಷ್ಣಮಾಪಕವಿಟ್ಟು ದಿನಕ್ಕೆರಡು ಬಾರಿ ಪುಸ್ತಕದಲ್ಲಿ ಬರೆಯಿರಿ. ವಿದ್ಯುತ್ ಹೋದ ಅವಧಿಯನ್ನೂ ನಮೂದಿಸಿ.
4. ಮೊದಲು ಅವಧಿ ಮುಗಿಯುವುದನ್ನು ಮೊದಲು ಮಾರಿ. ಮೂರು ತಿಂಗಳು ಉಳಿದಿರುವ ಸರಕಿನ ಪಟ್ಟಿಯನ್ನು ಪ್ರತಿ ತಿಂಗಳು ತೆಗೆಯಿರಿ.
5. ವಜಾ ಮಾಡಿದ ಸರಕಿನ ನಾಶಕ್ಕೆ ಸಾಕ್ಷಿಸಹಿತ ದಾಖಲೆಯಿಡಿ. ತೆರಿಗೆ ಜಮೆಯನ್ನು ಅದೇ ತಿಂಗಳು ಹಿಂದಿರುಗಿಸಿ.
6. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಜ್ವರ, ಮಂಪರು, ಮೂತ್ರ ಕಡಿಮೆಯಾಗುವಿಕೆ ಇದ್ದ ಮಗುವಿಗೆ ಯಾವ ಪೂರಕವನ್ನೂ ಮಾರದೆ ವೈದ್ಯರ ಬಳಿಗೆ ಕಳುಹಿಸಿ.

ಉಪಸಂಹಾರ

ಆ ದಿನ ಗೋದಾಮಿನಲ್ಲಿ ನಮ್ಮ ಮಾಲೀಕರು ಬಹಳ ಹೊತ್ತು ವಾದಿಸಿದರು. ಒಂದು ಲಕ್ಷ ರೂಪಾಯಿ ಸಣ್ಣ ವ್ಯಾಪಾರಿಗೆ ಸಣ್ಣ ಮೊತ್ತವಲ್ಲ. ಆ ಸರಕನ್ನು ಪುಸ್ತಕದಲ್ಲಿ ಪೂರ್ಣ ಬೆಲೆಗೆ ಹಿಡಿದರೆ ನನ್ನ ವರದಿಯಲ್ಲಿ ಆಕ್ಷೇಪ ಬರೆಯಬೇಕಾದೀತೆಂದು ಹೇಳಿದಾಗಲೂ ಅವರು ಬಗ್ಗಲಿಲ್ಲ. ಕೊನೆಗೆ, "ಇದರೊಳಗಿನ ಜೀವಿಗಳು ಸತ್ತಿರಬಹುದು, ನಿಮ್ಮ ಮೊಮ್ಮಗನಿಗೆ ಕೊಡುವುದು ಬರೀ ಎಣ್ಣೆಯ ಹನಿ" ಎಂದೆ. ಅವರು ಕೂಡಲೇ ಮನೆಗೆ ಫೋನ್ ಮಾಡಿ ಸೊಸೆಗೆ ಆ ಬಾಟಲಿ ತೆಗೆದಿಡಲು ಹೇಳಿದರು. ಫೋನ್ ಇಟ್ಟ ಮೇಲೆ ಗುಮಾಸ್ತನನ್ನು ಕರೆದು, ಆ ಪೆಟ್ಟಿಗೆಗಳನ್ನು ಬೇರೆ ಇಡಲು ಸೂಚಿಸಿದರು. ಸಂಜೆ ಮೆಕ್ಯಾನಿಕ್ ಬಂದನು.

ನಮ್ಮ ಮನೆಯ ಮಗುವಿಗೆ ಕೊಡಲಾಗದ ಸರಕನ್ನು ಪರರ ಮನೆಯ ಮಗುವಿಗೆ ಮಾರಬಾರದೆಂಬುದು ವ್ಯಾಪಾರಧರ್ಮದ ಹಳೆಯ ಮಾತು. ಮೇಲಿನ ಕಾನೂನುಗಳೂ ದಂಡಗಳೂ ಆ ಮಾತನ್ನೇ ಕಲಮುಗಳಲ್ಲಿ ಹೇಳುತ್ತಿವೆ. ಸದಸ್ಯರು ತಮ್ಮ ಗೋದಾಮಿನ ಉಷ್ಣತೆಯನ್ನು ಈ ತಿಂಗಳೇ ಒಮ್ಮೆ ಅಳೆದು ನೋಡಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.